ಸೊಪ್ಪಿನಜ್ಜಿಯ ಮುಖ

ಯಡಿಯೂರು, ಬೆಂಗಳೂರು
ಸೋಮವಾರ, ೨ ಡಿಸೆಂಬರ್ ೨೦೦೨

ಚಿರಂಜೀವಿ ಯುವರಾಜನಿಗೆ,

ನಿನ್ನ ಸೋದರಮಾವನ ಆಶೀರ್ವಾದಗಳು. ಹುಬ್ಬಳ್ಳಿಯ ಹವೆ ನಿನಗೆ ಒಗ್ಗಿದೆಯೆಂದು ಭಾವಿಸುತ್ತೇನೆ. ದಿನವೆಲ್ಲ ಏಣಿಯ ಮೇಲೆ ನಿಂತು ಗೋಡೆಗಳ ಮೇಲೆ ಚಿತ್ರ ಬರೆಯುವವನಿಗೆ ಭುಜ ಹಿಡಿದುಕೊಳ್ಳುವುದು ಸಹಜ. ಹಿಂದೆ ಹಿಡಿದುಕೊಂಡಾಗಲೆಲ್ಲ ನಿನ್ನ ಅತ್ತೆ ಈಶ್ವರಮ್ಮ ಕಾಯಿಸಿ ಹಚ್ಚುತ್ತಿದ್ದ ಹರಳೆಣ್ಣೆಯ ಸೀಸೆಯನ್ನು ನೀನು ಗೂಡಿನಲ್ಲೇ ಬಿಟ್ಟುಹೋಗಿರುವೆ. ಬಣ್ಣದ ಕೈಯಲ್ಲಿ ಊಟಕ್ಕೆ ಕೂರುವ ಅಭ್ಯಾಸವನ್ನು ಅಲ್ಲಿಯಾದರೂ ಬಿಡು. ಜೋಳದ ರೊಟ್ಟಿ ಹೊಟ್ಟೆಗೆ ಹಿಡಿಸುತ್ತಿದೆಯೋ ಇಲ್ಲವೋ ಎಂದು ಈಶ್ವರಮ್ಮ ಕೇಳಬೇಕಂತೆ. ಅವಳ ಪರವಾಗಿ ಕೇಳಿದ್ದೇನೆ. ಇಲ್ಲಿ ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನನ್ನ ಮಂಡಿನೋವು ಇದ್ದಂತೆಯೇ ಇದೆ, ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ಇಷ್ಟನ್ನು ವಿಚಾರಿಸುವುದು ಮತ್ತು ತಿಳಿಸುವುದು ಹಿರಿಯನ ಕರ್ತವ್ಯ. ಅದು ಮುಗಿಯಿತು.

ಇನ್ನು ಮುಂದೆ ಬರೆಯುವುದರಲ್ಲಿ ನಿನಗೆ ಚೆನ್ನಾಗಿ ತಿಳಿದಿರುವ ಸಂಗತಿಗಳೇ ಹೆಚ್ಚು. ತಿಳಿದದ್ದನ್ನು ಮತ್ತೆ ಏಕೆ ಬರೆಯುತ್ತಾನೆ ಮುದುಕ ಎಂದು ಬೇಸರಿಸಬೇಡ. ತರಗತಿಯಲ್ಲಿ ಪಾಠ ಓದದೆ ಬಂದವನನ್ನು ನಾನು ಬೇಗ ಕೂರಿಸಿಬಿಡುತ್ತಿದ್ದೆ. ಓದಿಕೊಂಡು ಬಂದೂ ತಪ್ಪು ಉತ್ತರ ಕೊಟ್ಟವನನ್ನು ನಿಲ್ಲಿಸಿ ಮೊದಲ ಸಾಲಿನಿಂದ ಹೇಳಿಸುತ್ತಿದ್ದೆ. ನೀನು ಎರಡನೆಯ ಬಗೆಯವನು. ಅದಕ್ಕಾಗಿ ಮೊದಲ ಸಾಲಿನಿಂದ.

ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಚಿತ್ರಕಥೆಯ ಮಾಸಪತ್ರಿಕೆ ತರೋಣವೆಂದು ಹೇಳಿದವನು ನಾನಲ್ಲ, ನೀನು. ಅದಕ್ಕೆ ‘ಗಿರಗಿಟ್ಲೆ’ ಎಂದು ಹೆಸರಿಟ್ಟವನೂ ನೀನೇ. ಕೇಳಿದವರೆಲ್ಲ ನಕ್ಕರು. ವಿಲ್ಸನ್ ಗಾರ್ಡನ್ನಿನ ಪಿಳ್ಳಣ್ಣ, ಲಗ್ನಪತ್ರಿಕೆಗಳನ್ನು ಮುದ್ರಿಸಿಯೇ ಸಂಸಾರ ಸಾಗಿಸಿದವನು, ಮುಖಕ್ಕೇ ಹೇಳಿದ: “ಮೇಷ್ಟ್ರೇ, ಈಗಿನ್ ಮಕ್ಳು ಓದಲ್ಲ. ಟೀವೀಲಿ ಬೆಳಗ್ಗೆಯಿಂದ ಸಾಯಂಕಾಲದ್ ಗಂಟ ಕಾರ್ಟೂನ್ ಬರ್ತಾ ಐತೆ. ನೀವು ಪಂಚಾಂಗ ಮಾಡಿ, ಓಡ್ತದೆ.” ಜಯನಗರದಲ್ಲಿ ಮಕ್ಕಳಿಗೆ ಪುಸ್ತಕ ಬಾಡಿಗೆಗೆ ಕೊಡುತ್ತಿದ್ದ ಗ್ರಂಥಾಲಯ ಬಾಗಿಲು ಹಾಕಿದ ದಿನ ನಾವಿಬ್ಬರೂ ಹೋಗಿದ್ದೆವು; ಹಳೆಯ ಚಿತ್ರಕಥೆಗಳನ್ನು ರದ್ದಿಯವನು ಗೋಣಿಚೀಲಕ್ಕೆ ಕಾಲಿನಲ್ಲಿ ಒತ್ತಿ ತುಂಬುತ್ತಿದ್ದುದನ್ನು ನೋಡಲಾರದೆ ನೀನು ಹೊರಗೆ ಹೋಗಿ ನಿಂತೆ. ನಾಲ್ಕನೆಯ ಬ್ಲಾಕಿನ ಬದರಿನಾಥನ ಪತ್ರಿಕೆ ಅಂಗಡಿಯ ಮುಂದೆ ಅಡ್ಡಕ್ಕೆ ಕಟ್ಟಿದ ದಾರದಲ್ಲಿ ಒಂದು ಕಾಲಕ್ಕೆ ಮಕ್ಕಳ ಪುಸ್ತಕಗಳು ಒಗೆದ ಬಟ್ಟೆಗಳಂತೆ ಸಾಲಾಗಿ ನೇತಾಡುತ್ತಿದ್ದವು. ಈಗ ಅದೇ ದಾರದಲ್ಲಿ ಚಿಪ್ಸ್ ಪೊಟ್ಟಣಗಳು. ಅವನು ತಲೆಯಾಡಿಸುತ್ತಿದ್ದರೂ ನೀನು ಬಿಡಲಿಲ್ಲ: “ಒಂದೇ ಒಂದ್ ಕ್ಲಿಪ್ಪಿನ ಜಾಗ ಕೊಡಿ ಬದರಣ್ಣ, ಸಾಕು.” ಆ ಮಾತು ನನಗೆ ಬಹಳ ಹಿಡಿಸಿತ್ತು. ಅಂದು ಮನೆಗೆ ಬರುವಾಗ ನಿನ್ನ ಹೆಗಲ ಮೇಲೆ ಕೈಯಿಟ್ಟು ನಡೆದಿದ್ದೆ.

ನಾವು ಕೆಲಸ ಮಾಡಿದ ರೀತಿಯನ್ನು ನೋಡಿ ಬೇರೆ ಚಿತ್ರಕಾರರು ನಿನ್ನನ್ನು ಹಾಸ್ಯ ಮಾಡುತ್ತಿದ್ದರೆಂದು ಬಲ್ಲೆ. ಬೇರೆಲ್ಲ ಕಡೆ ಚಿತ್ರ ಮೊದಲು, ಮಾತು ಆಮೇಲೆ. ನಮ್ಮಲ್ಲಿ ಮಾತು ಮೊದಲು. ನಾನು ಹಾಳೆಯಲ್ಲಿ ಚೌಕಗಳನ್ನು ಹಾಕಿ, ಬಲೂನುಗಳನ್ನು ಬರೆದು, ಅವುಗಳೊಳಗೆ ಕರಿಹಲಗೆಯ ದುಂಡಕ್ಷರದಲ್ಲಿ ಮಾತುಗಳನ್ನು ತುಂಬಿ ಕೊಟ್ಟ ಮೇಲೆ ಉಳಿದ ಜಾಗದಲ್ಲಿ ನೀನು ಮನುಷ್ಯರನ್ನು ನಿಲ್ಲಿಸಬೇಕಿತ್ತು. “ಮಾವ, ನಿಮ್ ಬಲೂನ್ ಕೆಳಗೆ ಜನ ಬಗ್ಗಿಕೊಂಡೇ ಓಡಾಡ್ಬೇಕು” ಎಂದು ನೀನು ರೇಗಿಸುತ್ತಿದ್ದೆ. ಆದರೂ ನಿಲ್ಲಿಸಿದೆ. ಬಗ್ಗಿಸದೆ ನಿಲ್ಲಿಸಿದೆ. ನಿನ್ನ ಕೈಯ ಬಗ್ಗೆ ಯಾರ ಮುಂದೆಯೂ ನಾನು ಹೊಗಳಿಕೆಯ ಮಾತಾಡಿದವನಲ್ಲ. ಆಡಿಲ್ಲವೆಂಬ ಕೊರಗು ನಿನಗಿದ್ದರೆ ಅದನ್ನು ಈ ಸಾಲಿನಲ್ಲಿ ತೀರಿಸಿಕೋ.

ಸೊಪ್ಪಿನಜ್ಜಿ ಹುಟ್ಟಿದ್ದು ಹಾಗೆ. ತಲೆಯ ಮೇಲೆ ಸೊಪ್ಪಿನ ಮಂಕರಿ ಹೊತ್ತು ಬೀದಿ ಬೀದಿ ತಿರುಗುವ ಅಜ್ಜಿ; ಎಲ್ಲ ಮನೆಗಳ ಹಿತ್ತಿಲ ಬಾಗಿಲೂ ಅವಳಿಗೆ ಪರಿಚಯ, ಆದ್ದರಿಂದ ಯಾರ ಮನೆಯ ಚೆಂಡು ಯಾರ ಸೂರಿನ ಮೇಲಿದೆ, ಯಾರ ನಾಯಿಮರಿ ಯಾರ ಗ್ಯಾರೇಜಿನಲ್ಲಿದೆ ಎಂದು ಅವಳೊಬ್ಬಳಿಗೇ ತಿಳಿದಿರುತ್ತದೆ. ಓದುವ ಮಕ್ಕಳಿಗೆ ಅವಳೊಂದು ಪಾತ್ರ. ನಿನಗೆ ಹೆತ್ತ ತಾಯಿ, ನನಗೆ ಒಡಹುಟ್ಟಿದ ಅಕ್ಕ. ಅಕ್ಕಯಮ್ಮ ‘ದಂಟು, ಕೀರೆ, ಹೊನಗೊನೆ’ ಎಂದು ಕೂಗಿಕೊಂಡು ಜಯನಗರದ ಬ್ಲಾಕುಗಳನ್ನು ಸುತ್ತಿ ನನ್ನನ್ನು ಓದಿಸಿದಳು. ನಮ್ಮ ಕೇರಿಯಿಂದ ಶಾಲೆಯ ಮೆಟ್ಟಿಲು ಹತ್ತಿದ ಮೊದಲಿಗ ನಾನು, ಹತ್ತಿಸಿದವಳು ಅವಳು. ನೀನು ನಾಲ್ಕನೆಯ ತರಗತಿಯಲ್ಲಿದ್ದಾಗ ಅವಳು ತೀರಿಕೊಂಡಳು, ನೀನು ನಮ್ಮ ಮನೆಗೆ ಬಂದೆ. ಅವಳ ಒಂದು ಫೋಟೋ ಕೂಡ ಇಲ್ಲ. “ಫೋಟೋದಾಗೆ ಸಿಕ್ಕಾಕ್ಕೊಂಡ್ರೆ ಆಯಸ್ಸು ಕಮ್ಮಿ ಆಯ್ತದೆ ಕಣೋ ಮುನಿಯಾ” ಎನ್ನುತ್ತಿದ್ದಳು. ನನ್ನ ಮದುವೆಯ ಚಿತ್ರದಲ್ಲೂ ಅವಳು ಬೆನ್ನು ತಿರುಗಿಸಿಕೊಂಡು ನಿಂತಿದ್ದಾಳೆ. ಕಾಣುವುದು ತುರುಬು, ಸೆರಗಿನ ಅಂಚು. ಆದ್ದರಿಂದ ನಾವಿಬ್ಬರೂ ನಡುಮನೆಯಲ್ಲಿ ಕುಳಿತು ಒಂದು ನಿಯಮ ಮಾಡಿಕೊಂಡೆವು. ಸೊಪ್ಪಿನಜ್ಜಿಯ ಮುಖವನ್ನು ಎಂದಿಗೂ ಬರೆಯಬಾರದು. ಒಂದೋ ಅವಳು ಹಿಂದಿನಿಂದ ಕಾಣಬೇಕು, ಇಲ್ಲವೇ ಮಂಕರಿಯಿಂದ ಇಳಿಬಿದ್ದ ಸೊಪ್ಪಿನ ನೆರಳು ಮುಖವನ್ನು ಮುಚ್ಚಿರಬೇಕು. ಮುಖವನ್ನು ಓದುವ ಮಗುವೇ ಊಹಿಸಿಕೊಳ್ಳಲಿ ಎಂದು ನಾನು ಹೇಳಿದೆ. ನೀನು ಒಪ್ಪಿದೆ. ಒಪ್ಪಿದ್ದಲ್ಲದೆ ಅದನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದು, ಕೊನೆಯ ಪುಟದಲ್ಲಿ ಅವಳ ಹೆಗಲು, ಸೆರಗು, ಮಂಕರಿ ಮಾತ್ರ ಬರೆದು ನಡುವೆ ಒಂದು ಖಾಲಿ ಅಂಡಾಕಾರ ಬಿಟ್ಟು, “ಅಜ್ಜಿಯ ಮುಖ ಹೇಗಿದ್ದೀತು? ನೀನೇ ಬರೆದು ಕಳುಹಿಸು” ಎಂಬ ಸ್ಪರ್ಧೆಯನ್ನೂ ಸೂಚಿಸಿದೆ. ಎಷ್ಟು ಒಳ್ಳೆಯ ಆಲೋಚನೆಯೆಂದು ನಾನು ಆ ದಿನ ಎರಡು ಲೋಟ ಕಾಫಿ ಕುಡಿದೆ.

ಬಿಡುಗಡೆ ಮಕ್ಕಳ ದಿನಾಚರಣೆಯಂದು, ನಾನು ಪಾಠ ಹೇಳಿದ ಶಾಲೆಯ ಅಂಗಳದಲ್ಲಿ. ನೀನು ಅದಕ್ಕೆ ಮುಂಚೆಯೇ ಹುಬ್ಬಳ್ಳಿಗೆ ಹೊರಟಿದ್ದೆ. “ಯಾವುದೋ ಕಂಪನಿಯ ಗೋಡೆ ಕೆಲಸ ಮಾವ, ಬಿಟ್ರೆ ಇನ್ನೊಬ್ಬರ ಪಾಲಾಗುತ್ತೆ” ಎಂದೆ. ಯಾವ ಕಂಪನಿಯೆಂದು ನಾನು ಕೇಳಲಿಲ್ಲ. ಮನೆಯ ಹುಡುಗನನ್ನು ಹಾಗೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಮಕ್ಕಳು ಸಾಲಾಗಿ ಕುಳಿತಿದ್ದರು. ನಾನು ಮೊದಲ ಕಥೆಯನ್ನು ಓದಿದೆ. ಆಟವಾಡಲು ಬಿಡದ ವಾಚ್‌ಮನ್ನನ ಮುಂದೆ ಅಜ್ಜಿ ಸೊಪ್ಪು ಹರಡಿಕೊಂಡು ಕುಳಿತು ಚೌಕಾಸಿಯಲ್ಲೇ ಅವನನ್ನು ಸೋಲಿಸುವ ಕಥೆ. ನಕ್ಕರು. ನಗಬೇಕಾದಲ್ಲೇ ನಕ್ಕರು, ಯುವರಾಜ. ಆಮೇಲೆ ಕೊನೆಯ ಪುಟವನ್ನು ತೆರೆದು ತೋರಿಸಿ, ಈ ಅಜ್ಜಿಯ ಮುಖವನ್ನು ಯಾರೂ ನೋಡಿಲ್ಲ, ನೀವೇ ಯೋಚಿಸಿ ಬರೆಯಬೇಕು ಎಂದೆ. ಶ್ವೇತಾ ಎಂಬ ಹುಡುಗಿ, ತಿಲಕ್ ನಗರದಿಂದ ಬರುವವಳು, ಎದ್ದು ನಿಂತಳು. “ತಾತ, ನಾವ್ ನೋಡಿದೀವಿ! ಇದು ಗರಿಮುರಿ ಅಜ್ಜಿ! ನೀವು ಪ್ಯಾಕೆಟ್ ನೋಡ್ಕೊಂಡು ಕಾಪಿ ಹೊಡೆದ್ರಾ?”

ಮಕ್ಕಳೆಲ್ಲ ಹೋ ಎಂದರು. ಮುಖ್ಯೋಪಾಧ್ಯಾಯಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅದೇ ಅಂಗಳದಲ್ಲಿ, ಪಕ್ಕದವನ ಉತ್ತರ ಪತ್ರಿಕೆ ನೋಡಿ ಬರೆದವರನ್ನು ನಾನು ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದೆ. ನನ್ನ ಮಾತಿಗೆ ಆ ಮಗು ಕಾಯಲಿಲ್ಲ. ಊಟದ ಚೀಲದಿಂದ ‘ಗರಿಮುರಿ’ ಚಿಪ್ಸಿನ ಖಾಲಿ ಪೊಟ್ಟಣವನ್ನು ತೆಗೆದಳು, ಕ್ರಾಫ್ಟಿನ ಕತ್ತರಿಯಿಂದ ಅದರ ಮೇಲಿನ ಮುಖವನ್ನು ಸುತ್ತ ಕತ್ತರಿಸಿದಳು, ತಂದು ನನ್ನ ಕೈಯಲ್ಲಿದ್ದ ಪುಸ್ತಕದ ಖಾಲಿ ಜಾಗದಲ್ಲಿ ಇಟ್ಟಳು. ಕೂತಿತು. ಕೂದಲೆಳೆಯ ಅಂತರವೂ ಇಲ್ಲದೆ ಕೂತಿತು. ಪೊಟ್ಟಣದ ಮೇಲಿನ ಸೊಪ್ಪಿನ ನೆರಳಿನ ಗೆರೆ ನಮ್ಮ ಪುಟದ ನೆರಳಿನ ಗೆರೆಗೆ ಸೇರಿಕೊಂಡಿತು. ಅಲ್ಲಿ ಅರ್ಧಕ್ಕೆ ನಿಂತ ಸೆರಗು ಇಲ್ಲಿ ಮುಂದುವರಿಯಿತು. ಒಂದೇ ಹಾಳೆಯಲ್ಲಿ ಒಂದೇ ಕೈ ಬರೆದು, ಆಮೇಲೆ ಮುಖವನ್ನು ಮಾತ್ರ ಬೇರೆಯವರಿಗೆ ಕೊಟ್ಟು, ತೂತನ್ನು ನಮಗೆ ಬಿಟ್ಟದ್ದೆಂದು ತಿಳಿಯಲು ನನಗೆ ಯಾರ ಸಾಕ್ಷಿಯೂ ಬೇಕಾಗಲಿಲ್ಲ. ಅಕ್ಕಯಮ್ಮ ಆ ಪೊಟ್ಟಣದಲ್ಲಿ ಒಂದು ಕಣ್ಣು ಮಿಟುಕಿಸುತ್ತಿದ್ದಾಳೆ. ಅವಳ ಬಾಯಿಂದ ಒಂದು ಬಲೂನು ಹೊರಟಿದೆ: “ಸಖತ್ ಮಗಾ, ಸಖತ್!” ಬದುಕಿದ್ದಷ್ಟು ದಿನ ಅವಳು ಹಾಗೆ ಮಾತಾಡಿದವಳಲ್ಲ. ಅವಳ ಮಾತುಗಳನ್ನು ಬರೆಯುವ ಹೊಣೆ ನನ್ನದಾಗಿತ್ತು.

ಅಲ್ಲಿಂದ ನೇರವಾಗಿ ನಾಲ್ಕನೆಯ ಬ್ಲಾಕಿಗೆ ಹೋದೆ. ಬದರಿನಾಥ ಮಾತಿನಂತೆ ಒಂದು ಕ್ಲಿಪ್ಪಿನ ಜಾಗ ಕೊಟ್ಟಿದ್ದ. ಅದೇ ದಾರದಲ್ಲಿ ಆ ಕಡೆ ಗರಿಮುರಿ, ಈ ಕಡೆ ಗರಿಮುರಿ, ನಡುವೆ ಮುಖವಿಲ್ಲದ ನಮ್ಮ ಅಜ್ಜಿ. “ಬುದ್ಧಿವಂತ್ರು ಕಣ್ರೀ ಮೇಷ್ಟ್ರೇ ನೀವು” ಎಂದ ಅವನು, ಮನಸ್ಸಿನಿಂದಲೇ ಮೆಚ್ಚಿ, “ಚಿಪ್ಸ್ ಕಂಪನಿಯೋರ್ನೇ ಹಿಡ್ಕೊಂಡ್ಬಿಟ್ರಲ್ಲ!” ನಾನು ನಿಂತಿರುವಾಗಲೇ ಒಬ್ಬ ಹೆಂಗಸು ಮಗುವಿಗೆ ಪೊಟ್ಟಣ ಕೊಂಡು, ಪುಸ್ತಕವನ್ನು ಕ್ಲಿಪ್ಪಿನಿಂದ ಎಳೆದುಕೊಂಡಳು. ಬದರಿನಾಥ ತಡೆದಾಗ, “ಏನಣ್ಣ, ಪ್ಯಾಕೆಟ್ ತಗೊಂಡ್ರೆ ಇದು ಫ್ರೀ ತಾನೆ?” ಎಂದಳು. ಅಲ್ಲವೆಂದು ಹೇಳಿದ ಮೇಲೆ ಪುಸ್ತಕವನ್ನು ಅಲ್ಲೇ ಇಟ್ಟುಹೋದಳು. ಹಣದ ಮಾತನ್ನು ನಾನು ಈ ಪತ್ರದಲ್ಲಿ ಎತ್ತುವುದಿಲ್ಲ. ನಾನು ಹಾಕಿದ್ದನ್ನೂ ಎತ್ತುವುದಿಲ್ಲ, ನೀನು ಪಡೆದದ್ದನ್ನೂ ಕೇಳುವುದಿಲ್ಲ.

ಮುಂದಿನ ವಾರ ಕಂಪನಿಯಿಂದ ಒಬ್ಬ ಯುವಕ ಮನೆಗೆ ಬಂದ. ಒಳ್ಳೆಯ ನಡವಳಿಕೆಯವನು, ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದ, ಈಶ್ವರಮ್ಮ ಕೊಟ್ಟ ನೀರು ಕುಡಿದ. “ಸಾರ್, ತಪ್ಪು ತಿಳ್ಕೋಬೇಡಿ. ಆ ಅಜ್ಜಿ ನಮ್ ಬ್ರ್ಯಾಂಡ್ ಸಾರ್. ಆರ್ಟಿಸ್ಟ್ ಎಲ್ಲಾ ರೈಟ್ಸೂ ನಮಗೇ ಬರ್ಕೊಟ್ಟಿದಾರೆ. ನೀವು ದಯವಿಟ್ಟು ಬೇರೆ ಅಜ್ಜಿ ಮಾಡ್ಕೊಳ್ಳಿ” ಎಂದ. ಅವಳು ನಮ್ಮಕ್ಕ ಎಂದು ನಾನು ಹೇಳಿದೆ. ಅವನು ಲೋಟ ಕೆಳಗಿಟ್ಟು, “ಹೌದು ಸಾರ್, ಎಲ್ರಿಗೂ ಹಾಗೇ ಅನ್ಸುತ್ತೆ, ಅದೇ ಅದರ ಸ್ಟ್ರೆಂತು” ಎಂದ. ಹೆದ್ದಾರಿಯ ಗೋಡೆಗಳ ಮೇಲೆ ನೀನು ಈಗ ಬರೆಯುತ್ತಿರುವುದೂ ಅವಳನ್ನೇ ಎಂದು ತಿಳಿದದ್ದು ಅವನಿಂದ. ತುಮಕೂರು ದಾಟಿದ ಮೇಲೆ ಎಡಗಡೆ ಒಂದು ಉಗ್ರಾಣದ ಗೋಡೆಯ ಮೇಲೆ ಬಹಳ ಚೆನ್ನಾಗಿ ಬಂದಿದೆಯಂತೆ.

ಎರಡನೆಯ ಸಂಚಿಕೆಯ ಹಾಳೆಗಳು ನನ್ನ ಮೇಜಿನ ಮೇಲಿವೆ. ಬಲೂನುಗಳನ್ನೆಲ್ಲ ಬರೆದು ಮುಗಿಸಿದ್ದೆ. ಈಗ ನೋಡಿದರೆ ಚೌಕದ ತುಂಬ ಮಾತು, ಆಡುವವರು ಯಾರೂ ಇಲ್ಲ. ಪಿಳ್ಳಣ್ಣ ಬೇರೆ ಚಿತ್ರಕಾರನನ್ನು ಕರೆತರುತ್ತೇನೆಂದ. ಬೇಡವೆಂದೆ. ಬೇರೆ ಅಜ್ಜಿಯನ್ನು ಮಾಡಿಕೊಳ್ಳುವ ಶಕ್ತಿ ನನಗಿಲ್ಲ. ‘ಗಿರಗಿಟ್ಲೆ’ ನಿಂತಿತು. ಸ್ಪರ್ಧೆಗೆ ಮಾತ್ರ ಇನ್ನೂ ಅಂಚೆಯಲ್ಲಿ ಮುಖಗಳು ಬರುತ್ತಿವೆ. ಹೆಚ್ಚಿನವು ಪೊಟ್ಟಣದ ಮುಖವೇ, ಅಂಟಿಸಿದ್ದು, ಇಲ್ಲವೇ ಅದನ್ನು ನೋಡಿ ಬರೆದದ್ದು. ಯಾವುದೋ ಒಂದು ಮಗು ತನ್ನ ಅಜ್ಜಿಯನ್ನು ಕನ್ನಡಕದೊಂದಿಗೆ ಬರೆದಿದೆ. ಅದಕ್ಕೆ ಬಹುಮಾನ ಕೊಟ್ಟಿದ್ದೇನೆ.

ನೀನು ಫೋನಿನಲ್ಲಿ ನಿನ್ನ ಅತ್ತೆಗೆ ಹೇಳಿದ್ದನ್ನು ಅವಳು ನನ್ನಿಂದ ಮುಚ್ಚಿಡಲಿಲ್ಲ. “ಅಮ್ಮನ್ನ ಎಲ್ರೂ ನೋಡ್ಲಿ ಅಂತಾನೇ ಮಾಡ್ದೆ ಅತ್ತೆ. ಪ್ಯಾಕೆಟ್ ನೋಡಿದ್ ಮಕ್ಳು ಪುಸ್ತಕಾನೂ ತಗೋತಾರೆ ಅಂದ್ಕೊಂಡೆ. ಮಾವನಿಗೆ ಕೇಳಿದ್ರೆ ಬೇಡ ಅಂದ್ಬಿಡ್ತಿದ್ರು.” ಕೊನೆಯ ವಾಕ್ಯವೊಂದು ಸರಿಯಾಗಿದೆ. ನಾನು ಬೇಡ ಎನ್ನುವೆನೆಂದು ನಿನಗೆ ತಿಳಿದಿತ್ತು, ತಿಳಿದಿದ್ದರಿಂದಲೇ ಕೇಳಲಿಲ್ಲ. ಮರೆತು ಮಾಡಿದವನನ್ನು ಕ್ಷಮಿಸುವುದು ನನಗೆ ಬರುತ್ತದೆ. ಇದಕ್ಕೆ ಏನು ಮಾಡಬೇಕೆಂದು ಯಾವ ಪಾಠದಲ್ಲೂ ನಾನು ಕಲಿಸಿಲ್ಲ, ಕಲಿತೂ ಇಲ್ಲ. ಎಲ್ಲರೂ ನೋಡಲಿ ಎಂದೆಯಲ್ಲ, ನೋಡಿದರು. ತಿಂದು ಎಸೆದರು. ಯಡಿಯೂರು ಕೆರೆಯ ತಂತಿಬೇಲಿಗೆ ನಿನ್ನ ತಾಯಿ ಸಿಕ್ಕಿಕೊಂಡಿರುವುದನ್ನು ನಾನು ದಿನವೂ ಬೆಳಗಿನ ವಾಯುವಿಹಾರದಲ್ಲಿ ನೋಡುತ್ತೇನೆ. ನೀರಿನಲ್ಲೂ ತೇಲುತ್ತಾಳೆ, ಕಣ್ಣು ಮಿಟುಕಿಸುತ್ತ. ಈಶ್ವರಮ್ಮ ಹಾಲಿಗೆ ಹೋದವಳು ಕೈತುಂಬ ಖಾಲಿ ಪೊಟ್ಟಣ ಹಿಡಿದುಕೊಂಡು ಬರುತ್ತಾಳೆ. ಇದೇನೆಂದು ಗದರಿದರೆ, “ಅತ್ತಿಗೆ ಮುಖಾನ ಮೋರೀಲಿ ಬಿಟ್ಟು ಹೆಂಗ್ರೀ ಬರೋದು?” ಎಂದು ನನ್ನನ್ನೇ ಕೇಳುತ್ತಾಳೆ. ತೊಳೆದು, ಒರೆಸಿ, ಅಕ್ಕಿಯ ಡಬ್ಬದ ಹಿಂದೆ ಒಟ್ಟಿದ್ದಾಳೆ. ಬೀದಿಯವರು ನಗುತ್ತಾರೆ, ಮೇಷ್ಟ್ರ ಹೆಂಡತಿ ಪ್ಯಾಕೆಟ್ ಆಯೋದಕ್ಕೆ ಶುರುಮಾಡಿದರು, ಏನೋ ಬಹುಮಾನ ಬರುತ್ತಿರಬೇಕು ಎನ್ನುತ್ತಾರೆ. ಅವಳು ಲೆಕ್ಕಿಸುವುದಿಲ್ಲ.

ನಿನಗೆ ಉತ್ತರ ಬರೆಯುವ ಅಗತ್ಯವಿಲ್ಲ. ನಿನ್ನ ಕುಂಚ, ಹಲಗೆ, ಶಾಯಿಯ ಸೀಸೆಗಳನ್ನು ಹಿಂದಿನ ಕೋಣೆಯಲ್ಲಿ ಒಂದೆಡೆ ಇರಿಸಿದ್ದೇನೆ. ಬೇಕಾದಾಗ ಯಾರನ್ನಾದರೂ ಕಳುಹಿಸಿ ತರಿಸಿಕೊಳ್ಳಬಹುದು. ಹಳೆಯ ಗೋಡೆಗಳಿಗೆ ಏಣಿ ಒರಗಿಸುವ ಮುನ್ನ ಕೆಳಗಿನ ನೆಲ ಗಟ್ಟಿಯಿದೆಯೇ ಎಂದು ಕಾಲಿನಿಂದ ಒತ್ತಿ ನೋಡು. ಈಶ್ವರಮ್ಮ ಆಶೀರ್ವಾದ ತಿಳಿಸಿದ್ದಾಳೆ. ದೀರ್ಘಾಯುಷ್ಯವೂ ಒಳ್ಳೆಯ ಬುದ್ಧಿಯೂ ನಿನಗಿರಲಿ.

ನಿನ್ನ ಸೋದರಮಾವ,
ಮುನಿಯಣ್ಣ

ಮರುಬರಹ: ಲಕೋಟೆ ಅಂಟಿಸಿದ ಮೇಲೆ ಮತ್ತೆ ಬಿಡಿಸಿದ್ದೇನೆ, ಅಂಚು ಹರಿದಿದೆ, ಮನ್ನಿಸು. ಮೂಲೆಯ ಡಬ್ಬದಿಂದ ಅಂಚೆ ತೆಗೆಯುವವನು ಬರುವ ಹೊತ್ತಾಗಿದೆ. ಆದ್ದರಿಂದ ಬೇಗ ಬರೆಯುತ್ತೇನೆ. ಮುಖವನ್ನು ಮಗುವೇ ಊಹಿಸಿಕೊಳ್ಳಲಿ ಎಂದು ನಾನು ಹೇಳಿದ್ದು ನಿಜವಾದ ಕಾರಣವಲ್ಲ. ಅಕ್ಕಯಮ್ಮನ ಮುಖ ನನಗೆ ಮರೆತುಹೋಗಿತ್ತು. ಅವಳ ಧ್ವನಿ ಗೊತ್ತು, ಒಡೆದ ಹಿಮ್ಮಡಿ ಗೊತ್ತು, ಕತ್ತಿನ ಹಿಂದೆ ಇಳಿಯುತ್ತಿದ್ದ ಸೊಪ್ಪಿನ ನೀರು ಗೊತ್ತು. ಶಾಲೆಗೆ ಹೋಗುವಾಗ ಮುಂದೆ ಅವಳ ಮಂಕರಿ, ಹಿಂದೆ ನಾನು, ಹಾಗೆಯೇ ನಡೆದವನು. ಎಷ್ಟೋ ವರ್ಷಗಳಿಂದ ಕಣ್ಣು ಮುಚ್ಚಿದರೆ ಬರುತ್ತಿದ್ದುದು ಬೆನ್ನೊಂದೇ. ಆ ಹುಡುಗಿ ಚೂರನ್ನು ತಂದು ಇಟ್ಟ ಗಳಿಗೆಯಲ್ಲಿ ನನಗೆ ಮೊದಲು ಬಂದದ್ದು ಕೋಪವಲ್ಲ, ಯುವರಾಜ. ಕೋಪ ಆಮೇಲೆ ಬಂತು, ಇನ್ನೂ ಇದೆ, ಇರುತ್ತದೆ. ಗಲ್ಲದ ಆ ಹಚ್ಚೆ, ಮೇಲ್ತುಟಿಯ ಬಲಗಡೆಯ ಮಡಿಕೆ, ಎಲ್ಲ ನಿನಗೆ ನೆನಪಿದೆ, ನನಗಿರಲಿಲ್ಲ. ಆ ಚೂರು ನನ್ನ ಕನ್ನಡಕದ ಡಬ್ಬಿಯಲ್ಲಿದೆ, ಆದರೆ ಮಿಟುಕಿಸುವ ಕಣ್ಣನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ನೋಡಬೇಕಾಗಿದೆ. ಒಂದು ಹಾಳೆಯ ಮೇಲೆ ಅವಳನ್ನು ನನಗಾಗಿ ಬರೆದು ಕಳುಹಿಸು. ಎರಡು ಕಣ್ಣೂ ತೆರೆದಿರಲಿ. ಈ ಸಲ ಬಲೂನು ಬೇಡ; ಹಾಳೆಯೆಲ್ಲ ಅವಳಿಗೇ ಇರಲಿ.